ದೊಡ್ಡಮ್ಮ ದಾರಿಗೆ ಬಂದದ್ದು

ಯಜಮಾನರ ಅಳಿಯ ಹೊಸದಾಗಿ ಲಾರಿ ಲೈಸೆನ್ಸ್ ಮಾಡಿಸಿಕೊಂಡದ್ದೇ ಎಲ್ಲಕ್ಕೂ ಮೂಲ. ಬೆಳಗಾಗುತ್ತಲೇ ಅವನ ಕೈ ತುರಿಸಿತು. ಸಾಗಣೆ ಕಂಪನಿಯ ಅಂಗಳದಲ್ಲಿ ತಣ್ಣಗೆ ನಿಂತಿದ್ದ ದೊಡ್ಡಮ್ಮನನ್ನು ಹತ್ತಿ, ಸ್ಟಾರ್ಟ್ ಮಾಡಿ, ಗೇಟಿನ ಕಡೆಗೆ ಬಿಟ್ಟ. ದೊಡ್ಡಮ್ಮ ಎಂದರೆ ಕಂಪನಿಯ ಅತಿ ಹಳೆಯ ಲಾರಿ. ಗೇಟಿನ ನಡುವೆ ಹಾಯಬೇಕಾದವಳು ಎಡಕ್ಕೆ ಸರಿದು, ಹಿಂದಿನ ದಿನವಷ್ಟೇ ಸುಣ್ಣ ಕಂಡಿದ್ದ ಕಂಬವನ್ನು ನೆಲಸಮ ಮಾಡಿದಳು.

ಅಳಿಯನ ತಪ್ಪು ಅರ್ಧವೇ. ಬಿಟ್ಟರೆ ಎಡಕ್ಕೇ ಎಳೆಯುವುದು ದೊಡ್ಡಮ್ಮನ ಹಳೆಯ ಚಾಳಿ. ಸ್ಟೀರಿಂಗನ್ನು ಸದಾ ಬಲಕ್ಕೆ ಜಗ್ಗಿ ಹಿಡಿದರೆ ಮಾತ್ರ ನೇರ ಹೋಗುತ್ತಾಳೆ. ಈ ಮರ್ಮ ಕೈಗೆ ಹತ್ತಿದ್ದು ಡ್ರೈವರ್ ಪೀಪಿಯಣ್ಣನಿಗೆ ಮಾತ್ರ. ರಸ್ತೆ ಖಾಲಿ ಇದ್ದರೂ ಹಾರ್ನ್ ಒತ್ತುತ್ತಿದ್ದುದಕ್ಕೆ ಅವನಿಗೆ ಆ ಹೆಸರು. ಮದುವೆಗೆ ಮುಂಚಿನಿಂದಲೂ ಅವನು ದೊಡ್ಡಮ್ಮನ ಜೊತೆಗಿದ್ದ. ಹೆಂಡತಿ ಈ ಮಾತನ್ನು ಆಗಾಗ ಎತ್ತಿ ಆಡುತ್ತಿದ್ದಳು.

ಯಜಮಾನರು ಬಂದು ಕಂಬ ನೋಡಿದರು, ಅಳಿಯನನ್ನು ನೋಡಿದರು. ಅಳಿಯನನ್ನು ಬೈಯುವಂತಿಲ್ಲ. ಲಾರಿಯನ್ನು ಬೈದರು.

“ಸಾಕು ಇದರ ಸಹವಾಸ! ಸಂಜೆ ಗುಜರಿಯವನನ್ನ ಕರೆಸ್ತೀನಿ.”

ಪೀಪಿಯಣ್ಣ ಓಡಿ ಬಂದು ಅಡ್ಡ ನಿಂತ. “ಯಜಮಾನ್ರೇ, ಸಂಜೆವರೆಗೆ ಬಿಡಿ. ನಾನು ಸರಿ ಮಾಡ್ತೀನಿ.”

“ಸ್ಟೀರಿಂಗ್ ಮುಟ್ಟದೆ ಗೇಟಿಂದ ನೀರಿನ ತೊಟ್ಟಿವರೆಗೆ ನೇರ ಓಡಿಸಿ ತೋರಿಸು. ಆಗ ನೋಡೋಣ.”

ಸುದ್ದಿ ಹಬ್ಬಿದ್ದೇ ತಡ, ಕೆಲಸಕ್ಕೆ ಕರೆದರೆ ಬಾರದವರೆಲ್ಲ ಸಲಹೆ ಕೊಡಲು ಓಡಿ ಬಂದರು.

“ಗಾಳಿ ಕಮ್ಮಿ ಕಣಯ್ಯಾ, ಅಷ್ಟೇ,” ಎಂದ ವಾಚ್‌ಮನ್. ಎರಡೂ ಮುಂಚಕ್ರಗಳಿಗೆ ಸಮ ಗಾಳಿ ತುಂಬಿದ್ದಾಯಿತು. ದೊಡ್ಡಮ್ಮ ಎಡಕ್ಕೇ ಹೋದಳು.

“ಹಾಗಾದ್ರೆ ಟೈರ್ ದೋಷ. ಎಡಗಡೇದು ಬಲಕ್ಕೆ ಹಾಕು.” ಪೀಪಿಯಣ್ಣ ಬೆವರು ಸುರಿಸಿ ಅದನ್ನೂ ಮಾಡಿದ. ದೊಡ್ಡಮ್ಮ ಮತ್ತೆ ಎಡಕ್ಕೆ ಹೋಗಿ ವಾಚ್‌ಮನ್‌ನ ಸೈಕಲ್ ಮೇಲೆ ನಿಂತಳು. ಅಲ್ಲಿಗೆ ಅವನ ಸಲಹೆಗಳು ಮುಗಿದವು.

ಮುಂದಿನ ಸರದಿ ವೆಲ್ಡರ್‌ನದು. ಜ್ಯಾಕ್ ಕೊಟ್ಟು ಎಡ ಚಕ್ರ ಎತ್ತಿಸಿ, ಮೇಲೆ ಕೆಳಗೆ ಹಿಡಿದು ಅಲುಗಿಸಿದ. ಚಕ್ರ ಲೊಡಲೊಡ ಅಂದಿತು. “ಅಳಿಯಂದ್ರೇ, ಸ್ವಲ್ಪ ಬ್ರೇಕ್ ಒತ್ತಿ ಹಿಡೀರಿ! ಈಗ ಅಲುಗಾಟ ನಿಂತ್ರೆ ಬೇರಿಂಗ್ ಸಡಿಲ, ನಿಲ್ಲದಿದ್ರೆ ಚಕ್ರ ಹೊರಳಿಸೋ ಕಿಂಗ್ ಪಿನ್ ಸವೆದಿದೆ.” ಅಲುಗಾಟ ನಿಂತಿತು. ಬೇರಿಂಗ್ ಬಿಗಿ ಮಾಡಿದರು. ಸ್ಟೀರಿಂಗಿನ ನಡುಕ ಹೋಯಿತು, ಎಡಕ್ಕೆ ಎಳೆಯುವುದು ಹೋಗಲಿಲ್ಲ.

“ಹುಟ್ಟುಗುಣ ಸುಟ್ಟರೂ ಹೋಗಲ್ಲ, ಬಿಡಣ್ಣ,” ಎಂದು ವೆಲ್ಡರ್ ಕೈ ತೊಳೆದುಕೊಂಡ.

ಅಷ್ಟರಲ್ಲಿ ಗುಜರಿಯವನು ಬಂದು, ದೊಡ್ಡಮ್ಮನ ಬಾಗಿಲನ್ನು ಬೆರಳಲ್ಲಿ ತಟ್ಟಿ ನೋಡತೊಡಗಿದ. ಪೀಪಿಯಣ್ಣನಿಗೆ ಕಣ್ಣಲ್ಲಿ ನೀರೇ ಬಂತು. ಅದು ಕಾಣಬಾರದೆಂದು ಎಡ ಚಕ್ರದ ಹಿಂದೆ ಬಗ್ಗಿ, ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಕೆಸರು ಕೆರೆಯಲು ಕೈ ಹಾಕಿದ. ಮುಷ್ಟಿ ಹೋಗಲಿಲ್ಲ. ಬಲಗಡೆಯದನ್ನು ಬೆಳಿಗ್ಗೆಯೇ ಕೆರೆದಿದ್ದ. ಅಲ್ಲಿ ಮುಷ್ಟಿ ಸಲೀಸಾಗಿ ಹೋಗಿತ್ತು!

“ಹಗ್ಗ ತನ್ನಿ!” ಎಂದು ಕೂಗಿದ.

ಚಕ್ರಗಳನ್ನು ನೇರ ಮಾಡಿ, ಮುಂದಿನ ಚಕ್ರದ ನಡುವಿನಿಂದ ಹಿಂದಿನದರ ನಡುವಿಗೆ ಹಗ್ಗ ಎಳೆದು ಅಳೆದ. ಬಲಗಡೆಗಿಂತ ಎಡಗಡೆ ಎರಡು ಬೆರಳು ಗಿಡ್ಡ! ಎರಡು ಮುಂಚಕ್ರಗಳನ್ನು ಕೂಡಿಸುವ ಆಕ್ಸಲ್ಲೇ ಎಡಗಡೆ ಹಿಂದಕ್ಕೆ ಜಾರಿತ್ತು. ಲಾರಿಯ ಕೆಳಗೆ ತೂರಿ ನೋಡಿದರೆ, ಸ್ಪ್ರಿಂಗ್ ಪ್ಲೇಟುಗಳನ್ನೆಲ್ಲ ಪೋಣಿಸಿ ಆಕ್ಸಲ್ ಮೇಲೆ ಕೂರಿಸುವ ಸೆಂಟರ್ ಬೋಲ್ಟ್ ಒಳಗೇ ತುಂಡಾಗಿ ಕೂತಿತ್ತು.

“ಸಿಕ್ಕಿಬಿದ್ದ ಕಳ್ಳ!” ಎಂದು ಕೆಳಗಿನಿಂದಲೇ ಗರ್ಜಿಸಿದ. ಹೊಸ ಬೋಲ್ಟ್ ಬಂತು. ಹಾರೆ ಹಾಕಿ ಮೀಟಿ ಆಕ್ಸಲ್ಲನ್ನು ಮುಂದಕ್ಕೆ ತಂದು, ಸ್ಪ್ರಿಂಗನ್ನು ಅದಕ್ಕೆ ಕಚ್ಚಿಸುವ ಯು ಬೋಲ್ಟುಗಳನ್ನು ಹಲ್ಲು ಕಚ್ಚಿ ಬಿಗಿದ. ಹಗ್ಗ ಎರಡೂ ಕಡೆ ಒಂದೇ ಸಮ ಬಂತು.

ಪರೀಕ್ಷೆಗೆ ಅಂಗಳವೆಲ್ಲ ಸೇರಿತು. ಗೇಟಿನಿಂದ ಹೊರಟ ಪೀಪಿಯಣ್ಣ ಎರಡೂ ಕೈ ಮೇಲೆತ್ತಿದ. ದೊಡ್ಡಮ್ಮ ನೂಲು ಹಿಡಿದಂತೆ ನೇರ ಹೋಗಿ ನೀರಿನ ತೊಟ್ಟಿಯ ಮುಂದೆ ನಿಂತಳು. ಶಿಳ್ಳೆ, ಚಪ್ಪಾಳೆ! ಗುಜರಿಯವನು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಿದ. ಪೀಪಿಯಣ್ಣ ಜನ್ಮದಲ್ಲಿ ಇಷ್ಟು ಸಂತೋಷಪಟ್ಟಿರಲಿಲ್ಲ.

“ಭೇಷ್!” ಎಂದರು ಯಜಮಾನರು. “ಇನ್ನು ಇದನ್ನ ಯಾರು ಬೇಕಾದ್ರೂ ಓಡಿಸಬಹುದಾ?”

“ಯಾರು ಬೇಕಾದ್ರೂ ಅಂದ್ರೆ?” ಪೀಪಿಯಣ್ಣ ಎದೆಯುಬ್ಬಿಸಿದ. “ನಿನ್ನೆ ಮೊನ್ನೆ ಲೈಸೆನ್ಸ್ ತಗೊಂಡವರೂ ಕಣ್ಮುಚ್ಚಿ ಓಡಿಸಬಹುದು, ಯಜಮಾನ್ರೇ!”

“ಒಳ್ಳೇದಾಯ್ತು,” ಎಂದು ಯಜಮಾನರು ಬೀಗದ ಕೈಯನ್ನು ಅವನ ಕೈಯಿಂದ ತೆಗೆದು ಅಳಿಯನ ಕೈಗಿಟ್ಟರು. “ಇನ್ನು ಮೇಲೆ ಇವನು ಇದನ್ನೇ ಓಡಿಸ್ಲಿ. ನೀನು ಹಿಂದುಗಡೆ ಇರೋ ಟ್ಯಾಂಕರ್ ತಗೋ. ಅದು ಬಲಕ್ಕೆ ಎಳೆಯುತ್ತೆ, ಯಾರ ಕೈಗೂ ಬಗ್ಗಲ್ಲ.”

ಅಳಿಯ ಪೀಪೀ ಎಂದು ಹಾರ್ನ್ ಒತ್ತುತ್ತ ನೇರವಾಗಿ ಗೇಟು ದಾಟಿದ. ಪೀಪಿಯಣ್ಣ ತುಕ್ಕು ಹಿಡಿದ ಟ್ಯಾಂಕರ್ ಏರಿ ಕೂತ. ಗೆಲುವಿನ ಅಮಲಿನಲ್ಲಿದ್ದ ವೆಲ್ಡರ್ ಹಗ್ಗ ಸುತ್ತಿಕೊಂಡು ಬಂದು ಕಿಟಕಿ ತಟ್ಟಿದ.

“ಅಣ್ಣಾ, ಇದನ್ನೂ ಈಗಲೇ ಅಳೆದುಬಿಡೋಣ್ವಾ?”

“ಹಗ್ಗ ಮುಟ್ಟಿದ್ರೆ ಕೈ ಮುರೀತೀನಿ!” ಪೀಪಿಯಣ್ಣ ಸ್ಟೀರಿಂಗನ್ನು ತಬ್ಬಿ ಹಿಡಿದ. “ಎಳೀಲಿ ಬಿಡೋ, ಎಷ್ಟು ಬೇಕಾದ್ರೂ ಎಳೀಲಿ.”