ಪೂರ್ಣ ವಾಕ್ಯದ ವರ

ಹುಡುಗಿಗೆ ಕಳಿಸಿದ ಬಯೋಡೇಟಾ ಮೈತುಂಬ ಕೆಂಪು ಗೆರೆ ಹೊತ್ತು ವಾಪಸ್ ಬಂದದ್ದೇ ಗುರುಪಾದನ ಶನಿವಾರ ಕೆಡಲು ಕಾರಣವಾಯಿತು.

ತಾರಿಹಾಳದ ಸಣ್ಣದೊಂದು ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇಥ್ ಮಷೀನು ನಡೆಸುವ ಗುರುಪಾದನಿಗೆ ಇಷ್ಟು ವರ್ಷ ಕನ್ಯಾ ನೋಡಿ ನೋಡಿ ಚಪ್ಪಲಿ ಸವೆದಿತ್ತೇ ಹೊರತು ಲಗ್ನ ಕೂಡಿರಲಿಲ್ಲ. ಧಾರವಾಡದ ಶಾಂಭವಿಯ ಮನೆಯವರು ಮಾತ್ರ ಮೊದಲ ಸಲಕ್ಕೇ ‘ನೋಡೂಣ್ರಿ’ ಅಂದಿದ್ದರು. ಶಾಂಭವಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಅವಳು ಮೊಬೈಲಿಗೆ ಕಳಿಸಿದ ಫೋಟೋ ನೋಡಿ ಗುರುಪಾದ ಹತ್ತನೆಯ ತರಗತಿಯ ಹುಡುಗನಂತೆ ಬೆವರಿದ.

‘ಓನ್ ಹೌಸ್.’ ‘ಓನ್ ವೆಹಿಕಲ್.’ ‘ಓನ್ ವರ್ಕ್‌ಶಾಪ್.’ ‘ನೋ ಬ್ಯಾಡ್ ಹ್ಯಾಬಿಟ್ಸ್.’ ಬಯೋಡೇಟಾದ ಪ್ರತಿ ಸಾಲಿನ ಪಕ್ಕದಲ್ಲೂ ಶಾಂಭವಿಯ ಕೆಂಪು ಮಸಿಯಲ್ಲಿ ‘ಅರ್ಧ ವಾಕ್ಯ. ಯಾರು? ಏನು?’ ಎಂಬ ಷರಾ. ಕೊನೆಗೆ, ‘ಸಂಜೆಯೊಳಗೆ ಪೂರ್ಣ ವಾಕ್ಯಗಳಲ್ಲಿ ಬರೆದು ಕಳಿಸಿದರೆ ನಾಳೆ ಬರಬಹುದು.’

“ಇಂಥಾ ಶಾಣ್ಯಾ ಹುಡುಗಿ ಸಿಗಬೇಕಲ್ಲೋ! ಲಗೂ ಬರಿ,” ಎಂದಳು ತಾಯಿ ಚನ್ನಬಸವ್ವ.

“ಏನ್ ಬರೀಲಿಬೇ? ಊರ ಮಂದಿಯೆಲ್ಲಾ ಹಿಂಗ ಬರೀತಾರ. ಝೆರಾಕ್ಸ್ ಅಂಗಡ್ಯಾಂವ ಹೆಸರಷ್ಟ ಬದಲ ಮಾಡಿ ಕೊಟ್ಟಾನ.”

ಅದು ನಿಜವೇ. ಆ ಸಾಲುಗಳಲ್ಲಿ ಮನುಷ್ಯರೇ ಇರದಿದ್ದರಿಂದ ತಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಒಮ್ಮೆಯೂ ಅನಿಸಿರಲಿಲ್ಲ.

ಪಕ್ಕದ ಮನೆಯ ನಾಹಿದಾ ಇಂಗ್ಲಿಷ್ ಎಂ.ಎ. ಓದುತ್ತಿದ್ದಳು. ಅವಳನ್ನು ಕರೆದರೆ, ಕರೆಯದ ಅವಳ ತಾಯಿ ರಾಜಬಿಯೂ ಬಳ್ಳೊಳ್ಳಿ ಬಿಡಿಸುವ ಬುಟ್ಟಿ ಹಿಡಿದು ಹಿಂದೆಯೇ ಬಂದಳು. ಗದ್ದಲ ಕೇಳಿ ಮಾಳಿಗೆಯಿಂದ ರಾಜಶೇಖರ ಇಳಿದು ಬಂದ. ಇವನು ಚನ್ನಬಸವ್ವನ ಅಣ್ಣನ ಮಗ, ಗುರುಪಾದನ ಓರಗೆಯವನು. ಹತ್ತಿ ವ್ಯಾಪಾರಿ ಅಪ್ಪ ಕೊಂಡದ್ದನ್ನೆಲ್ಲ ಇವನ ಹೆಸರಿಗೇ ಬರೆಸಿದ್ದರಿಂದ ಇವನು ಏನನ್ನೂ ಮಾಡಬೇಕಾಗಿರಲಿಲ್ಲ. ಮಾಡುತ್ತಲೂ ಇರಲಿಲ್ಲ.

“ನೋಡ್ರಿ ಅಣ್ಣಾ,” ನಾಹಿದಾ ಪೆನ್ನು ಹಿಡಿದಳು. “ವಾಕ್ಯಕ್ಕ ಒಬ್ಬ ಯಜಮಾನ ಬೇಕು, ಆ ಯಜಮಾನಗ ಒಂದು ಕೆಲಸ ಬೇಕು. ಇಲ್ಲಂದ್ರ ಅದು ಅರ್ಧ ವಾಕ್ಯ. ‘ಓನ್ ಹೌಸ್.’ ಯಾರದು?”

“ನಮ್ಮಣ್ಣಂದು,” ಎಂದಳು ಚನ್ನಬಸವ್ವ. “ಅಣ್ಣಂದು ಅಂದ್ರ ನಂದು. ನಂದು ಅಂದ್ರ ಇವಂದು.”

“ಕಾಗದಪತ್ರ ಯಾರ ಹೆಸರಿಲೆ ಅದಾವ್ರಿ ಅವ್ವಾರ?”

ಎಲ್ಲರೂ ರಾಜಶೇಖರನತ್ತ ತಿರುಗಿದರು. ಬಹುಮಾನಕ್ಕೆ ಹೆಸರು ಕೂಗಿಸಿಕೊಂಡವನಂತೆ ಅವನು ಎದ್ದು ನಿಂತು, “ನನ್ನ ಹೆಸರಿಲೆ,” ಎಂದ.

“ನಂದು ಅಂತನ ಬರದ ಬಿಡವಾ ತಂಗಿ,” ಗುರುಪಾದ ಗೋಗರೆದ. “ಯಾರ್ ಕೇಳಾಕ ಬರ್ತಾರ?”

ರಾಜಬಿಯ ಕೈಯಲ್ಲಿದ್ದ ಬಳ್ಳೊಳ್ಳಿ ಬುಟ್ಟಿಗೆ ಬಿತ್ತು. “ಯಾರ್ ಬರ್ತಾರ? ಹುಡುಗಿ ಕಡ್ಯಾವರು ಬರ್ತಾರ. ಬಂದವರು ಮೊದಲ ಬಾಗಲಾ ಬಡಿಯೂದು ಬಾಜೂ ಮನೀದು! ‘ಹುಡುಗ ಹೆಂಗದಾನ್ರಿ, ಮನಿ ಸ್ವಂತದ್ದೇನ್ರಿ’ ಅಂತಾರ. ನಮ್ಮ ಓಣಿ ಮಕಬೂಲಸಾಬನ ಮಗನ ಲಗ್ನದ ವ್ಯಾಳ್ಯಾದಾಗ ಖರೇ ಹೇಳದ ಬಾಯಿ ಮುಚ್ಚಿ ಕುಂತಿದ್ದೆ, ಅವನ ಬೀಗರು ಇನ್ನೂ ನನ್ನ ಬೈಯಾಕತ್ತಾರ. ನನ್ನಿಂದ ಆಗೂದಿಲ್ಲಪಾ.”

ಹುಡುಗಿಯ ಕಡೆಯವರು ಜಾತಕ ನಂಬದಿದ್ದರೂ ಪಕ್ಕದ ಮನೆಯವರನ್ನು ನಂಬುತ್ತಾರೆ. ನಾಹಿದಾ ಇಂಗ್ಲಿಷಿನಲ್ಲಿ ಬರೆದು ಕನ್ನಡದಲ್ಲಿ ಓದಿದಳು: “ಗುರುಪಾದ ರಾಜಶೇಖರನ ಮನೆಯಲ್ಲಿ ವಾಸವಾಗಿದ್ದಾನೆ.”

ಗುರುಪಾದನಿಗೆ ಎದೆಯೊಳಗೆ ನಟ್ಟು ಸಡಿಲಾದಂತಾಯಿತು.

“ಗಾಡಿ ಯಾರದು?”

“ಅದೂ ನಂದ,” ಎಂದ ರಾಜಶೇಖರ.

“ಸೀಟ್ ಕವರ್ ಹಾಕಿಸಿದಾಂವ ನಾ!”

“ರಾಜಶೇಖರನ ಗಾಡಿಗೆ ಗುರುಪಾದ ಸೀಟ್ ಕವರ್ ಹಾಕಿಸಿದ್ದಾನೆ.” ನಾಹಿದಾ ಮುಂದಿನ ಸಾಲಿಗೆ ಬಂದಳು. “ವರ್ಕ್‌ಶಾಪು?”

“ಶೆಡ್ಡು, ಮಷೀನು ನನ್ನ ಹೆಸರಿಲೆ,” ಎಂದ ರಾಜಶೇಖರ.

“ಮುಂಜಾನಿಂದ ಸಂಜೀತನಾ ಮಷೀನ್ ಮುಂದ ನಿಂದ್ರಾಂವ ಯಾರಲೇ?”

“ನೀನ! ನಾ ಯಾವಾಗ ಇಲ್ಲ ಅಂದೆ?” ರಾಜಶೇಖರನಿಗೆ ನಿಜಕ್ಕೂ ಬೇಸರವಾಯಿತು. “ಅದನ್ನೂ ಬರಿ ನಾಹಿದಾ. ನನ್ನ ವರ್ಕ್‌ಶಾಪಿನಾಗ ನಿಂದ್ರಾಂವ ಅವನ.”

ಉಳಿದದ್ದು ದುಶ್ಚಟದ ಸಾಲು. ಅದರ ಮೇಲೆ ಗುರುಪಾದ ಆಸೆ ಇಟ್ಟಿದ್ದ.

“ಗುಟ್ಕಾ ಬಿಟ್ಟಾನವಾ,” ಎಂದಳು ತಾಯಿ.

“ಯಾವಾಗ ಬಿಟ್ರು? ಕ್ರಿಯಾಪದಕ್ಕ ಕಾಲ ಬೇಕ್ರಿ.”

“ನಿನ್ನೆ,” ಎಂದ ರಾಜಶೇಖರ.

“ಮೊನ್ನೆಲೇ!” ಗುರುಪಾದ ಚೀರಿದ.

“ರಾಜಶೇಖರ ನೋಡು, ಅಡಿಕಿ ಸೈತ ಮುಟ್ಟೂದಿಲ್ಲ,” ರಾಜಬಿ ನಡುವೆ ಬಾಯಿ ಹಾಕಿದಳು. “ಅದನ್ನೂ ಸೇರಸು. ಮನಿತನ ಛಲೋ ಐತಿ ಅಂತ ಅವರಿಗೆ ತಿಳೀಲಿ.”

ಅದೂ ಸೇರಿತು. ಹಾಳೆ ತುಂಬುತ್ತ ಬಂದಂತೆ ಗುರುಪಾದ ಸಣ್ಣಗಾಗುತ್ತ ಹೋದ. “ತಂಗಿ, ನಂದು ಅಂತ ಒಂದರ ಬರಿಯವಾ,” ಎಂದ ಮೆಲ್ಲಗೆ.

ಎಲ್ಲರೂ ಯೋಚಿಸಿದರು. ರಾಜಶೇಖರ ಸಹ ತಲೆ ಮೇಲೆತ್ತಿ ಛತ್ತು ನೋಡುತ್ತ ಯೋಚಿಸಿದ. ಕೊನೆಗೆ ಚನ್ನಬಸವ್ವ ಸೆರಗಿನಿಂದ ಮೂಗೊರೆಸಿಕೊಂಡು, “ದುಡೀತಾನ ಅಂತ ಬರಿ. ಅದರಾಗ ಯಾರ ಪಾಲೂ ಇಲ್ಲ,” ಎಂದಳು.

“‘ಗುರುಪಾದ ದುಡಿಯುತ್ತಾನೆ.’” ನಾಹಿದಾಳ ಮುಖ ಅರಳಿತು. “ಭಾರಿ ವಾಕ್ಯ ಐತಿ ಅಣ್ಣಾ. ಸಣ್ಣದು, ಆದ್ರ ಪೂರ್ತಿ ಐತಿ.”

ಹಾಳೆಯ ಫೋಟೋ ಧಾರವಾಡಕ್ಕೆ ಹೋಯಿತು. ಆಮೇಲೆ ಯಾರೂ ಅಲ್ಲಿಂದ ಹೋಗಲಿಲ್ಲ. ರಾಜಬಿಯ ಬಳ್ಳೊಳ್ಳಿ ಮುಗಿದು, ಚನ್ನಬಸವ್ವನ ಮೊರದಲ್ಲಿದ್ದ ಅಕ್ಕಿ ಹಸನಾಗಿ, ಚಹಾ ಮತ್ತೊಂದು ಸುತ್ತು ಕುದಿಯಿತು. ಫೋನು ಬಂದಾಗ ಗುರುಪಾದ ಅಂಗಿಗೆ ಕೈ ಒರೆಸಿಕೊಂಡು ಎತ್ತುವಷ್ಟರಲ್ಲಿ ರಾಜಬಿಯೇ ಅದನ್ನು ಕಸಿದು ಸ್ಪೀಕರ್‌ಗೆ ಹಾಕಿದಳು. ಶಾಂಭವಿಯ ತಂದೆ.

“ಭಾಳ ಛಲೋ ಬರದೀರಿ. ಒಂದೂ ತಪ್ಪಿಲ್ಲ ಅಂದಳು ನಮ್ಮ ಮಗಳು. ಇಷ್ಟು ಖರೇ ಖರೇ ಬರದ ಬಯೋಡೇಟಾ ನಾ ನೋಡಿದ್ದಿಲ್ಲರಿ. ನಾಳೆ ಅವಶ್ಯ ಬರ್ರಿ.”

ಚನ್ನಬಸವ್ವ ಕೈ ಮುಗಿದಳು. ನಾಹಿದಾ ಗುರುಪಾದನ ಬೆನ್ನಿಗೆ ಗುದ್ದಿದಳು. ರಾಜಬಿ ಸಕ್ಕರೆ ಡಬ್ಬಿ ಹುಡುಕಿ ತಂದು ಎಲ್ಲರ ಬಾಯಿಗೂ ಒಂದೊಂದು ಚಿಟಿಕೆ ಹಾಕಿದಳು.

“ಬರೂ ಮುಂದ ರಾಜಶೇಖರ ಅವರನ್ನೂ ಕರ್ಕೊಂಡು ಬರ್ರಿ,” ಎಂದಿತು ಫೋನು.

“ಅವ ಯಾಕ್ರಿ?” ಗುರುಪಾದನ ಬಾಯಲ್ಲಿ ಸಕ್ಕರೆ ಇನ್ನೂ ಕರಗಿರಲಿಲ್ಲ.

“ಹುಡುಗನ ಬರಲಿಲ್ಲಂದ್ರ ಹೆಂಗ್ರಿ?”

“ಹುಡುಗ ನಾ ಅಲ್ಲೇನ್ರಿ?”

ಆ ಕಡೆ ಗಂಟಲು ಸರಿಪಡಿಸಿಕೊಳ್ಳುವ ಸದ್ದು. “ತಪ್ಪು ತಿಳಿಬ್ಯಾಡ್ರಿ. ನಾವು ಮೊದಲ ನೋಡೂಣ ಅಂದದ್ದು ಮನಿ, ಗಾಡಿ, ವರ್ಕ್‌ಶಾಪ್ ಇದ್ದು, ಏನೂ ಚಟ ಇಲ್ಲದ ಹುಡುಗಗ. ಅವರು ಯಾರು ಅಂತ ನೀವು ಇವತ್ತ ಸ್ಪಷ್ಟ ಬರದು ತಿಳಿಸೀರಿ, ಭಾಳ ಉಪಕಾರ ಆತು. ಅವರಿಗೆ ಲಗ್ನ ಆಗಿಲ್ಲ ಹೌದಲ್ರಿ?”

“ಇಲ್ರಿ, ಇಲ್ರಿ!” ಮೂಲೆಯಿಂದ ಪೂರ್ಣ ಉತ್ಸಾಹದ ಧ್ವನಿಯೊಂದು ಹೇಳಿತು.

ಫೋನು ಇಟ್ಟ ಮೇಲೆ ಚನ್ನಬಸವ್ವ ಮಗನ ತಲೆ ಸವರಿದಳು. “ಹೋಗ್ಲಿ ಬಿಡೋ ಮಗನ. ಏನ ಆದ್ರೂ ಹುಡುಗಿ ಇದ ಮನಿಗೆ ಬರ್ತಾಳ.”

ರಾಜಶೇಖರ ಆಗಲೇ ಕನ್ನಡಿ ಮುಂದೆ ಬೈತಲೆ ತೆಗೆಯುತ್ತಿದ್ದ. “ಲೇ ಗುರು,” ಎಂದ ಕನ್ನಡಿಯೊಳಗಿಂದಲೇ, “ನಾಳೆ ಧಾರವಾಡತನಾ ಹೋಗಾಕ ಗಾಡ್ಯಾಗ ಪೆಟ್ರೋಲ್ ಐತೇನು?”

ಗುರುಪಾದ ಮೊಳೆಯಿಂದ ಕೀಲಿ ತೆಗೆದುಕೊಂಡು ಬಂಕಿನ ಕಡೆ ಹೊರಟ.