ಹಾಡಿಲ್ಲದೆ ಸ್ನಾನವಿಲ್ಲ

ಹೆಂಡತಿ: ನಾಳೆಗೇ ಫೈಬರ್ ಬಾಗಿಲು ತರ್ಸಿ ಅಂದ್ರೆ ತರ್ಸಿ. ಹಾಡಿ ಹಾಡಿ ನನ್ನ ಗಂಟಲು ಕಟ್ಟಿದೆ.

ಗಂಡ: ನೂರು ವರ್ಷದ ಮನೆಗೆ ಪ್ಲಾಸ್ಟಿಕ್ ಬಾಗಿಲಾ? ನಾನು ಬದುಕಿರೋವರೆಗೂ ಆಗಲ್ಲ!

ತಾತನ ಮನೆಯನ್ನು ಇದ್ದ ಹಾಗೆಯೇ ರಿಪೇರಿ ಮಾಡಿಸಬೇಕೆಂಬುದು ಗಂಡನ ಹಟ. ಸುಣ್ಣದ ಗಾರೆ, ಹಳೆಯ ಹೆಂಚು. ಸಿಮೆಂಟ್ ಎಂದರೆ ಸಾಕು, ಮೈಮೇಲೆ ಬಂದವನಂತೆ ಆಡುತ್ತಿದ್ದ. ಬಚ್ಚಲುಮನೆಯ ಮರದ ಬಾಗಿಲೋ ನೀರು ಕುಡಿದು ಉಬ್ಬಿ, ಗೇಣಗಲ ತೆರೆದೇ ಇರುತ್ತಿತ್ತು. ಒಳಗಿದ್ದವರ ಹಾಡೇ ಅದಕ್ಕೆ ಚಿಲಕ.

ಗಂಡ: ಸ್ವಲ್ಪ ತಡ್ಕೋ. ಅದೇ ಜಾತಿ ಮರ ಸಿಗ್ಲಿ, ಹಲಗೆ ಬದಲಾಯಿಸ್ತೀನಿ.

ಹೆಂಡತಿ: ಅಲ್ಲೀವರೆಗೂ ಹಾಡ್ತಾನೇ ಇರ್ಲಾ? ಮೊನ್ನೆ ಮುಖಕ್ಕೆ ಸೋಪು ಹಚ್ಕೊಂಡು ಒಂದು ಗಳಿಗೆ ಸುಮ್ಮನಾದೆ. ಗಾರೆಯವನು ಬಕೆಟ್ ಹಿಡ್ಕೊಂಡು ಬಂದೇ ಬಿಟ್ಟ!

ಗಂಡ: ಪಾಪ, ಕಣ್ಣು ಮುಚ್ಕೊಂಡು ಓಡಿಹೋದ.

ಹೆಂಡತಿ: ಕಣ್ಣು ಮುಚ್ಕೊಂಡು ಓಡಿದ್ರೆ ಗೋಡೆಗೆ ಗುದ್ದಬೇಕಿತ್ತಲ್ಲ?

ಗಂಡ: ಗುದ್ದಿದ. ನೋಡಲ್ಲಿ, ಹೊಸ ಗಾರೆ ಉದುರಿದೆ. ಹಾಗಂತ ಫೈಬರ್ ಹಾಕೋಕಾಗುತ್ತಾ? ಮನೆಗೊಂದು ಮರ್ಯಾದೆ ಇದೆ ಕಣೇ!

ಹೆಂಡತಿ: ಮನೆಗಿದೆ. ನನಗೆ?

ಗಂಡನಿಗೆ ಒಳಗೊಳಗೇ ನಾಚಿಕೆಯಾಯಿತು. ಆದರೇನು, ಹಿಡಿದ ಮೊಲಕ್ಕೆ ಮೂರೇ ಕಾಲು.

ಹೆಂಡತಿ: ಸರಿ, ಪರದೆನಾದ್ರೂ ಕಟ್ಕೋತೀನಿ.

ಸುತ್ತಿಗೆ, ಮೊಳೆ ಹಿಡಿದು ಅವಳು ಬಚ್ಚಲ ಪಕ್ಕದ ಕಂಬದತ್ತ ನಡೆದಳು.

ಗಂಡ: ಅಯ್ಯಯ್ಯೋ, ಆ ಕಂಬಕ್ಕೆ ಬೇಡ! ಪ್ರತಿ ಭಾನುವಾರ ಎಣ್ಣೆ ತಿಕ್ಕಿ ಸಾಕಿದೀನಿ! ಅಂಥ ಮರ ಈಗ ಹುಟ್ಟೋದೇ ಇಲ್ಲ...

ಠಣ್! ಮೊಳೆ ಸೊಟ್ಟಗಾಯಿತು. ಕಂಬದಿಂದ ಒಂದು ಚಕ್ಕೆ ಎದ್ದು ಬಿತ್ತು. ಒಳಗೆ ಬೂದು ಬಣ್ಣದ ಅಪ್ಪಟ ಸಿಮೆಂಟು.

ಗಂಡ: ಅಮ್ಮಾ!

ಅಡುಗೆಮನೆಯಿಂದ ಅವನ ತಾಯಿ ಸೆರಗಿಗೆ ಕೈ ಒರೆಸುತ್ತಾ ಬಂದು ಕಂಬ ನೋಡಿದರು.

ತಾಯಿ: ಕೊನೆಗೂ ಗೊತ್ತಾಯ್ತಾ? ಮರದ ಕಂಬನ ಗೆದ್ದಲು ತಿಂದಿತ್ತು ಕಣೋ. ನಿಮ್ಮ ತಾತ ಊರಲ್ಲಿಲ್ದಾಗ ನಿಮ್ಮಪ್ಪ ಸಿಮೆಂಟಿಂದು ನಿಲ್ಲಿಸಿದ್ರು. ತಾತ ಬೈತಾರಲ್ಲ ಅಂತ ನಾನೇ ಬಣ್ಣ ಬಳಿದು, ಬಾಚಣಿಗೇಲಿ ಮರದ ಗೆರೆ ಎಳೆದೆ.

ಗಂಡ: ನಾನು ಎಣ್ಣೆ ತಿಕ್ಕೋವಾಗ್ಲಾದ್ರೂ ಹೇಳ್ಬಾರ್ದಿತ್ತಾ?

ತಾಯಿ: ನಿಮ್ಮ ತಾತನೂ ಹೀಗೇ ತಿಕ್ತಿದ್ರು. ಅವರಿಗೇ ಹೇಳ್ಲಿಲ್ಲ, ನಿನಗೆ ಹೇಳ್ತೀನಾ?

ಗಂಡ ಕಂಬಕ್ಕೆ ಒರಗಲು ಹೋಗಿ, ನೆನಪಾಗಿ, ಗೋಡೆಗೆ ಒರಗಿದ. ಹೆಂಡತಿ ನಗಲಿಲ್ಲ. ಗೂಡಿನಲ್ಲಿದ್ದ ಬಾಚಣಿಗೆ ತಂದು ಅವನ ಕೈಗಿಟ್ಟಳು.

ಹೆಂಡತಿ: ಬಾಗಿಲು ನಾಳೆ ಬರುತ್ತೆ. ಗೆರೆ ನೀವೇ ಎಳೀರಿ.