ಸ್ಟೆಪ್ನಿಗೆ ಕಿಟಕಿ ಪಕ್ಕದ ಸೀಟು

"ಸ್ಟೆಪ್ನಿ ಇಲ್ಲದ ಕಾರಲ್ಲಿ ನನ್ನ ಮಗಳೂ ಕೂರಲ್ಲ, ನಾನೂ ಕೂರಲ್ಲ. ಇವತ್ತಿಂದ ಇದು ಈ ಮನೆಯ ಕಾನೂನು!"

ಗುರುವಾರ ಬೆಳಗಿನ ಉಪ್ಪಿಟ್ಟಿನ ಬಾಣಲೆಯ ಮುಂದೆ ಚೈತ್ರಶ್ರೀ ಹೀಗೆ ಘೋಷಿಸಿದಳು. ಬಲಗೈಯಲ್ಲಿ ಸೌಟು, ಎಡಗಂಕುಳಲ್ಲಿ ಎರಡು ವರ್ಷದ ನೀಲಾಂಬಿಕ. ಕತ್ತಿ ಹಿಡಿದ ರಾಣಿಯರ ಪ್ರತಿಮೆಗಳೂ ಅಷ್ಟು ಠೀವಿಯಿಂದ ನಿಂತಿರಲಾರವು.

ಗಂಡ ಗುರುಪ್ರಕಾಶ್ ಶಿಕಾರಿಪುರದ ಪೇಟೆಯಲ್ಲಿ ಪೈಪು, ಪಂಪ್‌ಸೆಟ್ಟಿನ ಅಂಗಡಿ ಇಟ್ಟವನು. ಹೋದ ತಿಂಗಳು ಹುಬ್ಬಳ್ಳಿಯಿಂದ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರೊಂದನ್ನು ಹೊಡೆದುಕೊಂಡು ಬಂದಿದ್ದ. ನಿಂಬೆಹಣ್ಣಿನ ಬಣ್ಣ, ಹಲ್ಲಿಯಂತೆ ನೆಲಕ್ಕಂಟಿದ ಮೈ. ಮುಂದೆ ಎರಡು ಸೀಟು. ಹಿಂದೆ ಇದ್ದ ಎರಡು ಹೆಸರಿಗೆ ಮಾತ್ರ ಸೀಟು. ಡಿಕ್ಕಿಯಲ್ಲಿ ಎರಡು ತೆಂಗಿನಕಾಯಿ ಇಟ್ಟರೆ ಮೂರನೆಯದರ ಹತ್ತಿರ ಕ್ಷಮೆ ಕೇಳಬೇಕು! ಭಾನುವಾರ ಸಂಜೆ ಅದರಲ್ಲಿ ಅಂಜನಾಪುರದ ಡ್ಯಾಮಿಗೆ ಒಂದು ಸುತ್ತು ಹೋಗಿಬಂದರೆ ಅವನಿಗೆ ವಾರವೆಲ್ಲ ಊಟ ರುಚಿಸುತ್ತಿತ್ತು. ಸ್ಟೆಪ್ನಿಯನ್ನು ಮಾತ್ರ ಕಂಪನಿಯವರೇ ಕೊಟ್ಟಿರಲಿಲ್ಲ. ಅದರ ಬದಲಿಗೆ ಒಂದು ಬಾಟಲಿ ಗೋಂದು, ಗಾಳಿ ತುಂಬಲು ಅಂಗೈಯಗಲದ ಒಂದು ಪಂಪು.

"ಪಂಚರ್ ಆದ್ರೆ ಗೋಂದು ಹಾಕೋದಾ? ಇದೇನು ಕಾರೋ, ನೀಲಾಳ ಡ್ರಾಯಿಂಗ್ ಪುಸ್ತಕವೋ?"

"ಸ್ಪೋರ್ಟ್ಸ್ ಕಾರ್ ಮಾರಾಯ್ತಿ! ಓಟಗಾರನ ಬೆನ್ನಿಗೆ ಯಾರಾದ್ರೂ ಭತ್ತದ ಮೂಟೆ ಕಟ್ತಾರಾ?"

"ಓಟಗಾರನಿಗೆ ಮುಳ್ಳು ಚುಚ್ಚಿದ್ರೆ ಕುಂಟಿಕೊಂಡಾದ್ರೂ ಮನೆ ಸೇರ್ತಾನೆ. ನಿಮ್ಮ ಕಾರು ಕುಂಟುತ್ತಾ?"

ಚೈತ್ರಶ್ರೀ ಓದಿದ್ದು ಮೈಸೂರಿನ ಹಾಸ್ಟೆಲಿನಲ್ಲಿ; ಮಾತೂ ಅಲ್ಲಿಯದೇ. ನೀಲಾ ಹುಟ್ಟಿದ ದಿನದಿಂದ ಅವಳಿಗೆ ಎಲ್ಲವೂ ಎರಡೆರಡು ಬೇಕು. ಎರಡು ಥರ್ಮಾಸು, ಎರಡು ಛತ್ರಿ, ಎರಡು ಥರ್ಮಾಮೀಟರು. ಒಂದು ಸುಳ್ಳು ಹೇಳಿದರೆ ಸಾಕ್ಷಿಗೆ ಇನ್ನೊಂದು! ಹಾಗಿರುವಾಗ ನಾಲ್ಕು ಚಕ್ರದ ಕಾರಿಗೆ ನಾಲ್ಕೇ ಚಕ್ರ ಎಂದರೆ ಅವಳ ಎದೆ ಹೊಡೆದುಕೊಳ್ಳದೆ ಇದ್ದೀತೇ?

ಅದೂ ಮರುದಿನದ ಪ್ರಯಾಣ ಅಂಥಿಂಥದ್ದಲ್ಲ. ಸೊರಬದ ತವರಿನಲ್ಲಿ ತಮ್ಮ ಲೋಕೇಶನ ಮಗನಿಗೆ ಹೆಸರಿಡುವ ಶಾಸ್ತ್ರ. ಸೋದರತ್ತೆಯಾದವಳು ತೊಟ್ಟಿಲ ಮೇಲೆ ಬಗ್ಗಿ ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳಬೇಕು. ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಧಬಧಬ ಗುದ್ದಬೇಕು. ಹೋದ ವರ್ಷ ತೀರಿಕೊಂಡ ಅಪ್ಪ ಪಂಚಾಕ್ಷರಪ್ಪನವರ ಹೆಸರನ್ನು ಕೂಸಿಗೆ ಇಡಬೇಕೆಂಬುದು ಚೈತ್ರಶ್ರೀಯ ಆಸೆ. ಆದರೆ ಸೊರಬದಲ್ಲೇ ಇರುವ ಚಿಕ್ಕಪ್ಪನ ಮಗಳು ದೀಪಶ್ರೀಯೂ ಸೋದರತ್ತೆಯೇ. ಅವಳು ಮೊಬೈಲಿನಿಂದ "ಕ್ರಿಯಾಂಶ್" ಎಂಬ, ಕರೆದರೆ ಸೀನಿದಂತೆ ಕೇಳುವ ಹೆಸರನ್ನು ಹೆಕ್ಕಿಟ್ಟಿದ್ದಳು. ಇಬ್ಬರು ಅಕ್ಕಂದಿರ ನಡುವೆ ಹಿಟ್ಟಾಗಿದ್ದ ಲೋಕೇಶ ಕೊನೆಗೆ ತೀರ್ಪು ಕೊಟ್ಟಿದ್ದ: "ಹತ್ತೂವರೆಗೆ ರಾಹುಕಾಲ. ಅದರೊಳಗೆ ತೊಟ್ಟಿಲ ಹತ್ರ ಯಾರು ಇರ್ತಾರೋ ಅವರು ಕರೆದದ್ದೇ ಹೆಸರು. ನನ್ನ ಬಿಟ್ಟುಬಿಡಿ!"

ಗುರುವಾರ ಸಂಜೆಯೇ ಫಯಾಜನ ಟೈರಿನಂಗಡಿಯಿಂದ ಸ್ಟೆಪ್ನಿ ಬಂತು. ಡಿಕ್ಕಿಯಲ್ಲಿ ಅದರ ಕಾಲು ಭಾಗವೂ ಹಿಡಿಸಲಿಲ್ಲ. ಹಿಂದಿನ ಸೀಟಿನಲ್ಲಿ ಒಂದು ಕಡೆ ನೀಲಾಳ ಕುರ್ಚಿ. ಇನ್ನೊಂದು ಕಡೆ ಉಳಿದ ಜಾಗ ಒಬ್ಬರಿಗೆ. ಆ ಒಬ್ಬರು ಅತ್ತೆ ರಾಜೇಶ್ವರಮ್ಮನವರಾಗಬೇಕೋ, ಸ್ಟೆಪ್ನಿಯಾಗಬೇಕೋ?

ರಾಜೇಶ್ವರಮ್ಮ ಕಾರಿನೊಳಗೆ ಇಣುಕಿ ನೋಡಿದರು. "ನಾನು ಬಸ್ಸಿಗೆ ಬರ್ತೀನಿ ಬಿಡವ್ವಾ. ನಂಗೆ ಫ್ರೀ. ಇದನ್ನ ಬಸ್ಸಿಗೆ ಹಾಕಿದ್ರೆ ಲಗೇಜು ಟಿಕೆಟ್ ಹರಿತಾರೆ."

"ಅತ್ತೆ, ಬೇಜಾರಿಲ್ಲ ತಾನೇ?"

"ಯಾತರ ಬೇಜಾರು? ಕಿಟಕಿ ಪಕ್ಕ ಕೂರ್ಸು. ಹೊಸಬ ಐತೆ, ದಾರಿಯಾಗೆ ವಾಂತಿಗೀಂತಿ ಮಾಡೀತು!"

ಶುಕ್ರವಾರ ಬೆಳಿಗ್ಗೆ ಹೊರಟಾಯಿತು. ಹಳೇ ಸೀರೆ ಹೊದ್ದು, ಬೆಲ್ಟು ಕಟ್ಟಿಕೊಂಡು, ಸ್ಟೆಪ್ನಿ ಬೀಗರ ಮನೆಗೆ ಹೊರಟ ಹಿರಿಯರ ಗಾಂಭೀರ್ಯದಲ್ಲಿ ಕೂತಿತ್ತು. ಊರು ದಾಟಿದ್ದೇ ಮೊದಲ ಹಂಪು. ಕಾರಿನ ಹೊಟ್ಟೆ "ಕರ್ರ್ರ್" ಎಂದಿತು. ತನ್ನದೇ ಚರ್ಮ ಸುಲಿದಂತೆ ಗುರುಪ್ರಕಾಶ್ ಚೀರಿದ.

"ಭಾರ ಜಾಸ್ತಿ ಆಯ್ತು! ಇಳೀರಿ ಎಲ್ಲರೂ!"

"ಎಲ್ಲರೂ ಅಂದ್ರೆ?"

"ನೀನು, ಮಗು, ಆಮೇಲೆ ನಿನ್ನ ಆ ನೆಂಟ."

ಶಿಕಾರಿಪುರದಿಂದ ಸೊರಬಕ್ಕೆ ಹಂಪುಗಳು ಎಷ್ಟಿವೆಯೆಂದು ಬಸ್ಸಿನಲ್ಲಿ ನಿದ್ದೆ ಮಾಡುವವರಿಗೆ ತಿಳಿಯದು. ಶಾಲೆಯ ಮುಂದೊಂದು, ಗುಡಿಯ ಮುಂದೊಂದು, ಯಾರದೋ ಮನೆಯ ಕೋಳಿ ದಾಟುತ್ತದೆಂದು ಇನ್ನೊಂದು! ಪ್ರತಿ ಹಂಪಿಗೂ ಚೈತ್ರಶ್ರೀ ರೇಷ್ಮೆ ಸೀರೆಯ ನೆರಿಗೆ ಸಿಕ್ಕಿಸಿ, ಮಗುವನ್ನು ಸೊಂಟಕ್ಕೇರಿಸಿ, ಒಂದೇ ಕೈಯಲ್ಲಿ ಸ್ಟೆಪ್ನಿ ಉರುಳಿಸುತ್ತ ಹಂಪು ದಾಟಿದಳು. ಹಿಂದಿನಿಂದ ಕಾರು ಬಸುರಿಯಂತೆ ಮೆಲ್ಲಗೆ ಬಂತು.

ಚಹಾದಂಗಡಿಯೊಂದರ ಮುಂದೆ ಹಿರಿಯರೊಬ್ಬರು ಗ್ಲಾಸು ಕೆಳಗಿಟ್ಟು ಕೈಮುಗಿದರು. "ಯಾವ ದೇವರ ಹರಕೆ ತಾಯೀ?"

"ನಮ್ಮ ಮನೆದೇವ್ರದ್ದೇ ಯಜಮಾನ್ರೇ," ಎಂದ ಗುರುಪ್ರಕಾಶ್ ಸ್ಟೇರಿಂಗಿನ ಹಿಂದಿನಿಂದ. "ಹೆಸರು ಚೈತ್ರಮ್ಮ."

ಹಿರಿಯರು ಟೈರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಶಿರಾಳಕೊಪ್ಪ ದಾಟಿ ಒಂದು ಕೆರೆ. ಏರಿಯ ಮೇಲೆ ಹಂಪು. ಅದನ್ನು ದಾಟುವ ಹೊತ್ತಿಗೆ ನೀಲಾ ಸೀನಿದಳು, ಅಷ್ಟೇ! ಶೀತವೋ, ಜ್ವರದ ಮುನ್ಸೂಚನೆಯೋ? ತಾಯಿಯ ಎರಡೂ ಕೈಗಳು ಮಗುವಿನ ಮೂಗಿಗೆ ಹೋದವು. ಯಾರೂ ಹಿಡಿಯದ ಸ್ಟೆಪ್ನಿ ಒಂದು ಕ್ಷಣ ಯೋಚಿಸಿ, ಏರಿಯಿಂದ ಕೆಳಗೆ ಹೊರಟೇಬಿಟ್ಟಿತು. ಆ ಸ್ಪೋರ್ಟ್ಸ್ ಕಾರು ಆವತ್ತೆಲ್ಲ ಕಾಣದ ವೇಗವನ್ನು ಅದು ಒಂದೇ ಇಳಿಜಾರಿನಲ್ಲಿ ತೋರಿಸಿತು!

"ಬಿಡು ಚೈತ್ರಾ, ಟೈಮಾಗ್ತಿದೆ! ಹೆಸರು ಬೇಕಾ, ಟೈರು ಬೇಕಾ?"

ಚೈತ್ರಶ್ರೀ ಸೊರಬದ ಕಡೆಗೊಮ್ಮೆ, ಕೆರೆಯ ಕಡೆಗೊಮ್ಮೆ ನೋಡಿದಳು. ಅಪ್ಪನ ಮುಖ ಕಣ್ಣ ಮುಂದೆ ಬಂತು. ಅದರ ಹಿಂದೆಯೇ, ಸೊರಬದ ದಾರಿಯುದ್ದಕ್ಕೂ ತಲೆಯೆತ್ತಿ ಮಲಗಿರುವ ಮೊಳೆಗಳೂ ಬಂದವು.

"ಬಿಟ್ಟು ಹೋದ ಗಳಿಗೆಗೇ ಪಂಚರ್ ಆಗುತ್ತೆ ರೀ, ನಂಗೊತ್ತು! ಆಗ ಎರಡೂ ಇಲ್ಲ. ಇಳೀರಿ, ತನ್ನಿ!"

"ನಾನಾ? ಕಾರು ಬಿಟ್ಟು ಹೋದ್ರೆ ಯಾರಾದ್ರೂ ಕೀಲಿಕೈಯಲ್ಲಿ ಗೀರ್ತಾರೆ. ಮಗು ಕೊಡು, ನೀನೇ ಹೋಗು."

ಹೋದಳು. ಕೆರೆಯಂಚಿನ ಕೆಸರಲ್ಲಿ ಸ್ಟೆಪ್ನಿ ಅಡ್ಡಬಿದ್ದಿತ್ತು. ಅದರ ಮೇಲೆ ಎಮ್ಮೆಯೊಂದು ಗದ್ದವಿಟ್ಟು ಕಣ್ಣು ಮುಚ್ಚಿತ್ತು. ಪಕ್ಕದಲ್ಲಿ ಎಮ್ಮೆಯ ಒಡತಿ ಗುತ್ಯಮ್ಮ, ತುಟಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು.

"ಶ್ಶ್! ಮೆಲ್ಲಕ್ಕೆ. ಈಗ ಮಲಗ್ತು ಅದು."

"ಅಮ್ಮಾ, ಅದು ನಮ್ಮ ಕಾರಿನ ಟೈರು!"

"ಆಗ್ಲಿ, ನಂಗೇನು ಬ್ಯಾಡ ಅದು. ಕರು ಹಾಕಿ ಎಂಟು ದಿನ ಆತು, ಕಣ್ಣಿಗೆ ನಿದ್ದಿಲ್ಲ ಇದ್ಕೆ. ನೀನೂ ಹೆತ್ತೋಳಲ್ದಾ? ನಿನ್ನ ಎಬ್ಬಿಸಿದ್ರೆ ಸುಮ್ನಿರ್ತಿದ್ಯಾ?"

ಮಗು ಮಲಗಿದಾಗ ಬೀದಿಯ ಸೊಪ್ಪಿನವನ ಬಾಯಿಯನ್ನೇ ಮುಚ್ಚಿಸಿದ್ದವಳು ಚೈತ್ರಶ್ರೀ. ಪಾದ ಮುಳುಗುವ ಕೆಸರಿನಲ್ಲಿ ನಿಂತು, ಒಂದು ಬಾಣಂತಿ ಎಮ್ಮೆ ಏಳುವುದನ್ನು ಕಾದಳು. ಅಷ್ಟರಲ್ಲಿ ಏರಿಯ ಮೇಲೆ ಸೊರಬದ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಕಿಟಕಿಯಲ್ಲಿ ರಾಜೇಶ್ವರಮ್ಮ! ಕೆಳಗೆ ರೇಷ್ಮೆ ಸೀರೆಯ ಸೊಸೆ, ಎಮ್ಮೆ, ಟೈರು ಒಟ್ಟಿಗಿರುವ ಚಿತ್ರ ನೋಡಿ ಅವರ ಬಾಯಿ ತೆರೆಯಿತು. ಅವರು ಏನು ಕೂಗಿದರೋ, ಹಾರ್ನಿನಲ್ಲಿ ಮುಳುಗಿತು.

ಹಾರ್ನಿಗೆ ಎಮ್ಮೆ ಎಚ್ಚರಾಯಿತು. ಎದ್ದು ಬಾಲ ಬೀಸಿತು. ಚೈತ್ರಶ್ರೀಯ ಸೀರೆಯ ಮೇಲೆ ಅಳಿದುಳಿದಿದ್ದ ರೇಷ್ಮೆಯೂ ಕಾಣದಾಯಿತು.

ಅವರು ಸೊರಬ ಮುಟ್ಟಿದಾಗ ರಾಹುಕಾಲ ಊರೊಳಗೆ ಬಂದು ಕಾಲು ಚಾಚಿ ಕೂತಾಗಿತ್ತು. ದಾರಿಯಲ್ಲಿ ಒಂದೇ ಒಂದು ಮೊಳೆಯೂ ಆ ಕಾರನ್ನು ಕಣ್ಣೆತ್ತಿ ನೋಡಿರಲಿಲ್ಲ. ಮನೆಯೊಳಗೆ ತೊಟ್ಟಿಲು ತೂಗುತ್ತಿತ್ತು. ದೀಪಶ್ರೀ ಪಕ್ಕದಲ್ಲೇ ನಿಂತಿದ್ದಳು. ಚೈತ್ರಶ್ರೀಯ ಕಣ್ಣು ತುಂಬಿ ಬಂತು.

"ಆಯ್ತಾ? ಕ್ರಿಯಾಂಶ್ ಅಂತ ಕರೆದ್ಯಾ?"

"ಎಲ್ಲಿ ಕರೆಯೋಕೆ ಬಿಟ್ರು ನಿಮ್ಮತ್ತೆ!" ದೀಪಶ್ರೀ ಮೂಗು ಮುರಿದಳು. "ಬಸ್ಸಿಳಿದು ನೆಟ್ಟಗೆ ಬಂದು ತೊಟ್ಟಿಲು ಹಿಡ್ಕೊಂಡ್ರು. 'ನೀವು ಹೇಗೆ ಸೋದರತ್ತೆ?' ಅಂದ್ರೆ, 'ಸೋದರತ್ತೆಗೇ ನಾನು ಅತ್ತೆ, ಅವಳಿಗಿಂತ ಒಂದು ಮೆಟ್ಟಿಲು ಮೇಲು' ಅಂದ್ಬಿಟ್ರು!"

ತೊಟ್ಟಿಲಲ್ಲಿದ್ದ ಕೂಸು ಪಂಚಾಕ್ಷರ ನಿಶ್ಚಿಂತೆಯಿಂದ ಮುಷ್ಟಿ ಚೀಪುತ್ತಿದ್ದ.

ರಾಜೇಶ್ವರಮ್ಮ ಗೋಡೆಗೊರಗಿ ಬೆನ್ನು ನೀವಿಕೊಳ್ಳುತ್ತಿದ್ದರು. ಚೈತ್ರಶ್ರೀ ಕೆಸರುಗಾಲಿನಲ್ಲೇ ಅವರ ಮುಂದೆ ಹೋಗಿ ನಿಂತಳು. "ಅತ್ತೆ... ಹೆಸರು ನಿಮಗೆ ಹೇಗೆ ಗೊತ್ತಾಯ್ತು?"

"ಮೂರು ದಿನದಿಂದ ಅಡುಗೆಮನೆಯಾಗೆ ಕುಕ್ಕರಿನ ಕಿವಿಯಾಗೆ ಕುರ್ರ್ ಅಂತಿದ್ಯಲ್ಲವ್ವಾ. ಆ ಕುಕ್ಕರಿಗೂ ಈಗ ಅದೇ ಹೆಸರು." ಎದ್ದು ಸೆರಗು ಸಿಕ್ಕಿಸಿದರು. "ಆದರೆ ನಿನ್ನ ಪಾಲಿನ ಗುದ್ದು ನನ್ನ ಬೆನ್ನಿಗೆ ಬಿದ್ದಾವೆ. ಬಗ್ಗು!"

ಹೆಂಗಸರೆಲ್ಲ ಹೋ ಎಂದು ಸುತ್ತುವರಿದರು. ಲೋಕೇಶನ ಹೆಂಡತಿ, ಬಾಣಂತಿ ಸೌಂದರ್ಯಳೂ ಕತ್ತು ಚಾಚಿದಳು. ಚೈತ್ರಶ್ರೀ ಬಗ್ಗಿದಳು. ಧಬ್!

"ಅಯ್ಯಮ್ಮಾ! ಅತ್ತೆ, ನಿಮಗೂ ಇಷ್ಟು ಜೋರಾಗಿ ಗುದ್ದಿದ್ರಾ?"

"ಇಲ್ಲವ್ವಾ, ವಯಸ್ಸಾದೋಳು ಅಂತ ನಂಗೆಲ್ಲರೂ ಸವರಿದ್ರು," ಎಂದರು ರಾಜೇಶ್ವರಮ್ಮ, ಎರಡನೆಯದಕ್ಕೆ ಕೈಯೆತ್ತುತ್ತ. "ಟೈರು ಗುದ್ದಿದಂಗೆ ನಿನ್ನೊಳಗೆ ಇನ್ನೂ ಗಾಳಿ ಎಷ್ಟೈತೆ ಅಂತ ನೋಡ್ತಿದ್ದೆ!"